ಊರಿನ ಹೆಸರು, ನಾಲಿಗೆಯ ತೀರ್ಪು

ಕುಡಿತದ ಪ್ರಚಾರ ಈ ಲೇಖನದ ಉದ್ದೇಶವಲ್ಲವೆಂದು ಸದಸ್ಯ ಬಾಂಧವರಿಗೆ ಮೊದಲೇ ತಿಳಿಸುತ್ತೇವೆ. ಕಾಫಿಯ ರುಚಿ ಬಲ್ಲವರಿಗೆ ಇನ್ನೊಂದು ಪಾನೀಯದ ಪರೀಕ್ಷೆಯಿಂದಲೂ ಕಲಿಯುವುದಿದೆ. ಬೆಂಗಳೂರಿನಲ್ಲಿ 2010ರ ಈಚೆಗೆ ತಲೆಯೆತ್ತಿದ ಕಿರು ಬ್ರೂವರಿಗಳಲ್ಲಿ ಬೆಲ್ಜಿಯಂ ದೇಶದ ಕ್ರೈಸ್ತ ಮಠಗಳ ಮಾದರಿಯ 'ಆಬಿ ಏಲ್' ಬಿಯರನ್ನೂ ತಯಾರಿಸಿದ್ದುಂಟು. ಕಹಿ ಕೊಡುವ ಹಾಪ್ಸ್ ಹೂವು ನಮ್ಮ ತೋಟಗಳ ಬೆಳೆಯಲ್ಲ. ಬಾರ್ಲಿಯೂ ಬಹುಪಾಲು ಉತ್ತರ ಭಾರತದ್ದು. ಹಾಗಾದರೆ ಆ ರುಚಿ ಇಲ್ಲಿಗೆ ಬಂದದ್ದು ಹೇಗೆ?

ಉತ್ತರ ಯೀಸ್ಟಿನಲ್ಲಿದೆ. ಸಾಮಾನ್ಯ ಲಾಗರ್ ಬಿಯರು ತಂಪಿನಲ್ಲಿ ನಿಧಾನವಾಗಿ ಹುದುಗುತ್ತದೆ. ಏಲ್ ಮಾತ್ರ ಸುಮಾರು 18ರಿಂದ 24 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆಯಲ್ಲಿ ಹುದುಗುವಾಗ ಬೆಲ್ಜಿಯಂ ಯೀಸ್ಟು ಬಾಳೆಹಣ್ಣು, ಲವಂಗಗಳನ್ನು ನೆನಪಿಸುವ ಪರಿಮಳ ಬಿಡುತ್ತದೆ. 'ಡುಬೆಲ್' ಎಂಬ ಬಗೆಯ ಕಂದು ಬಣ್ಣಕ್ಕೆ ಮುಖ್ಯ ಕಾರಣ ಕಾಯಿಸಿ ಕಪ್ಪಾಗಿಸಿದ ಸಕ್ಕರೆ ಪಾಕ. ಅದರಲ್ಲಿ ಒಣದ್ರಾಕ್ಷಿಯ ಸವಿ ಸಿಗುತ್ತದೆ. ಮದ್ಯಾಂಶ ಶೇಕಡ 6ರಿಂದ 8. ಆದ್ದರಿಂದ ಗುಟುಕು ಗುಟುಕಾಗಿ ನೋಡುವಂಥದು.

ರುಚಿ ನೋಡುವ ಕ್ರಮ ನಮಗೆ ಹೊಸದಲ್ಲ. ಮೊದಲು ಮೂಗು, ಬಳಿಕ ನಾಲಿಗೆ, ಕೊನೆಗೆ ನುಂಗಿದ ಮೇಲೆ ಉಳಿಯುವ ಸ್ವಾದ. ತೀರ ತಣ್ಣಗಿದ್ದರೆ ಪರಿಮಳ ಮುಚ್ಚಿಹೋಗುತ್ತದೆ. ಕಾಫಿ ಬಿಸಿ ಆರಿದಂತೆ ಅದರ ಗುಣದೋಷಗಳೆರಡೂ ಹೊರಬೀಳುವ ಹಾಗೆಯೇ ಇದೂ.

ಇನ್ನು ಹೆಸರಿನ ವಿಚಾರ. ವೆಸ್ಟ್‌ಮಾಲೆ ಮಠದ ಸನ್ಯಾಸಿಗಳು 1856ರಲ್ಲಿ ಕಂದು ಬಿಯರು ಮಾಡಿದರು. ಮಾದರಿಯನ್ನು ಅನೇಕರು ಅನುಕರಿಸಿದರು. ಕಡೆಗೆ 1997ರಲ್ಲಿ ಟ್ರಾಪಿಸ್ಟ್ ಮಠಗಳು ಸಂಘ ಕಟ್ಟಿ ಒಂದು ಮುದ್ರೆ ತಂದವು: ತಯಾರಿ ಮಠದ ಆವರಣದಲ್ಲೇ ನಡೆಯಬೇಕು, ಸನ್ಯಾಸಿಗಳ ಮೇಲ್ವಿಚಾರಣೆ ಇರಬೇಕು, ಆದಾಯ ಮಠದ ನಿರ್ವಹಣೆಗೂ ದಾನಧರ್ಮಕ್ಕೂ ಹೋಗಬೇಕು. ಬೆಂಗಳೂರಿನ ಬಿಯರು ಎಷ್ಟೇ ರುಚಿಯಾಗಿದ್ದರೂ 'ಮಾದರಿ'ಯೇ ಹೊರತು ಟ್ರಾಪಿಸ್ಟ್ ಅಲ್ಲ. ಆದರೆ ಮುದ್ರೆಯೊಂದೇ ಸಾಲದು. ಅಮೆರಿಕದ ಸ್ಪೆನ್ಸರ್ ಮಠ 2013ರಲ್ಲಿ ಈ ಮುದ್ರೆ ಪಡೆದೂ 2022ರಲ್ಲಿ ಬಿಯರು ತಯಾರಿಕೆ ನಿಲ್ಲಿಸಿತು.

ಇಳಕಲ್ಲಿನ ನೇಕಾರರಿಗೆ ಈ ಪಾಡು ಗೊತ್ತು. ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ನೂಲನ್ನು ಕೊಂಡಿ ಹಾಕಿ ಜೋಡಿಸುವುದು ಇಳಕಲ್ ಸೀರೆಯ ಗುರುತು. ಬರೀ ಬಣ್ಣ, ದಡಿಗಳನ್ನು ಅನುಕರಿಸಿದ ಯಂತ್ರಮಗ್ಗದ ಸೀರೆಯೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಸೀರೆಗೆ ಭೌಗೋಳಿಕ ಸೂಚಕ ದೊರೆತಿದೆ. ಆದರೂ ಕೊಳ್ಳುವವರು ಸೆರಗಿನ ಜೋಡಣೆಯನ್ನು ತಿರುವಿ ನೋಡಲು ಕಲಿತಾಗಲೇ ಮಗ್ಗಕ್ಕೆ ಕೂಲಿ ಗಿಟ್ಟುವುದು.

ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ಇದೇ ಸೂಚಕ ಸಿಕ್ಕಿತು. ಹಸಿರು ಕಾಯಿ ಬೆರೆತ ಕೊಯ್ಲು, ಅತಿಯಾಗಿ ಹುದುಗಿದ ಬೀಜ, ಒದ್ದೆ ಕಣದ ಬೂಷ್ಟು — ಇವಿದ್ದರೆ ಯಾವ ಹೆಸರೂ ನಮ್ಮನ್ನು ಕಾಯದು. ಆದಕಾರಣ ಚಿಕ್ಕ ಬೆಳೆಗಾರರು ಈ ಸಲ ತಮ್ಮ ಕಾಫಿಯ ಒಂದು ಹಿಡಿಯನ್ನಾದರೂ ಹುರಿದು, ಹಾಲು ಸಕ್ಕರೆ ಚಿಕೋರಿ ಬೆರೆಸದೆ, ಮನೆಯವರೊಡನೆ ರುಚಿ ನೋಡಬೇಕೆಂದು ಕೋರುತ್ತೇವೆ. ನಮ್ಮ ಮಾಲಿನ ಗುಣ ನಮಗೇ ತಿಳಿಯದಿದ್ದರೆ, ವ್ಯಾಪಾರಿ ಹೇಳಿದ ದರವನ್ನು ಪ್ರಶ್ನಿಸುವುದು ಹೇಗೆ?