ಗಣಕಯಂತ್ರದ ಬೀಗದ ಕೈ ಯಾರ ಬಳಿ ಇದೆ?



ಸುಲಿದ ಅಡಿಕೆ ಮೂಟೆಗಳು ಉಗ್ರಾಣ ಸೇರಿದ ಮೇಲೆ ಅದರ ಬೀಗದ ಕೈಯನ್ನು ಯಾರ ಕೈಗೆ ಕೊಡಬೇಕೆಂದು ನಾವು ಹತ್ತು ಸಲ ಯೋಚಿಸುತ್ತೇವೆ. ಕೆಲಸ ಬಿಟ್ಟುಹೋದ ರೈಟರ ಬಳಿ ಕೈ ಉಳಿದಿದ್ದರೆ ಅಂದೇ ಬೀಗ ಬದಲಾಯಿಸುತ್ತೇವೆ. ಆದರೆ ನಮ್ಮ ತೂಕ, ದರ, ಸಾಲ, ಪಾವತಿಗಳೆಲ್ಲ ಈಗ ಇರುವುದು ಗಣಕಯಂತ್ರದಲ್ಲಿ. ಅದರ ಬೀಗದ ಕೈಗಳು ಎಷ್ಟು, ಯಾರ ಬಳಿ ಇವೆಯೆಂದು ಎಣಿಸಿದವರು ಎಷ್ಟು ಮಂದಿ?

ನಾನೂ ಎಣಿಸಿರಲಿಲ್ಲ. ಈ ಸಲ ಲೆಕ್ಕ ಪರಿಶೋಧನೆಗೆ ಮುಂಚೆ ಬಳಕೆದಾರರ ಪಟ್ಟಿಯನ್ನು ಮುದ್ರಿಸಿ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದೆ. ನನ್ನನ್ನೂ ಸೇರಿಸಿ ಸಿಬ್ಬಂದಿ 7 ಮಂದಿ. ಪಟ್ಟಿಯಲ್ಲಿದ್ದ ಹೆಸರು 12! ಮೂವರು ಎಂದೋ ಕೆಲಸ ಬಿಟ್ಟವರು. ಎರಡು ಹೆಸರು ಸಾಫ್ಟ್‌ವೇರ್ ಅಳವಡಿಸಲು ಬಂದವರು ಪರೀಕ್ಷೆಗೆಂದು ಸೃಷ್ಟಿಸಿ ಬಿಟ್ಟುಹೋದವು. ತೂಕ ಬರೆಯುವ ಗುಮಾಸ್ತರಿಗೆ ಪಾವತಿ ಮಂಜೂರು ಮಾಡುವ ಅಧಿಕಾರವೂ ಇತ್ತು. ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದಾಗ ತಾತ್ಕಾಲಿಕವಾಗಿ ಕೊಟ್ಟದ್ದು. ರಜೆ ಮುಗಿಯಿತು, ಅಧಿಕಾರ ಉಳಿಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದೇ. ಮಳೆಗಾಲದಲ್ಲಿ ತೋಟದಿಂದ ಹೊರಡಲಾಗದೆ, ಫೋನಿನಲ್ಲಿ ನನ್ನ ಪಾಸ್‌ವರ್ಡ್ ಹೇಳಿ ಕೆಲಸ ಮಾಡಿಸಿದ್ದುಂಟು. ತನಿಖೆ ಮಾಡಿ ನೋಡಿದರೆ ಒಂದು ರೂಪಾಯಿಯ ವ್ಯತ್ಯಾಸವೂ ಕಾಣಲಿಲ್ಲ, ನಿಜ. ಆದರೆ ವ್ಯತ್ಯಾಸ ಬಂದಿದ್ದರೆ ಯಾರನ್ನು ಕೇಳುವುದು? ಯಂತ್ರ ನನ್ನ ಹೆಸರನ್ನು ತೋರಿಸುತ್ತಿತ್ತು. ನಾನು ಗುಮಾಸ್ತರತ್ತ ಬೆರಳು ತೋರಿಸುತ್ತಿದ್ದೆ. ನಿರಪರಾಧಿಗೆ ತಾನು ನಿರಪರಾಧಿಯೆಂದು ತೋರಿಸಲು ದಾರಿಯೇ ಇರುತ್ತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ನಮ್ಮವರಿಗೆ ಹೊಸದಲ್ಲ.

ಲಂಡನ್ನಿನ ಬೇರಿಂಗ್ಸ್ ಬ್ಯಾಂಕು 1762ರಲ್ಲಿ ಹುಟ್ಟಿದ್ದು. ಅದರ ಸಿಂಗಪುರದ ಕಚೇರಿಯಲ್ಲಿ ನಿಕ್ ಲೀಸನ್ ಎಂಬಾತನೇ ವ್ಯಾಪಾರವನ್ನೂ ಮಾಡುತ್ತಿದ್ದ, ಆ ವ್ಯಾಪಾರದ ಲೆಕ್ಕ ತಾಳೆ ನೋಡುವ ವಿಭಾಗವನ್ನೂ ನಡೆಸುತ್ತಿದ್ದ. ನಷ್ಟಗಳನ್ನು 88888 ಎಂಬ ಖಾತೆಯಲ್ಲಿ ಬಚ್ಚಿಟ್ಟ. 1995ರ ಫೆಬ್ರವರಿಯಲ್ಲಿ 82 ಕೋಟಿ ಪೌಂಡಿಗೂ ಮಿಕ್ಕ ನಷ್ಟದಿಂದ ಬ್ಯಾಂಕೇ ಕುಸಿಯಿತು. ಬರೆಯುವವನೂ ಒಪ್ಪಿಗೆ ಕೊಡುವವನೂ ಒಬ್ಬನೇ ಆಗಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಇದಕ್ಕೆ ಪರಿಹಾರವೇ ಪಾತ್ರಾಧಾರಿತ ಅಧಿಕಾರ. ಅಮೆರಿಕದ ಫೆರಾಯೊಲೊ ಮತ್ತು ಕುನ್ ಎಂಬ ತಜ್ಞರು 1992ರಲ್ಲಿ ಇದನ್ನು ಕ್ರಮಬದ್ಧವಾಗಿ ನಿರೂಪಿಸಿದರು. ತತ್ವ ಸರಳ: ಅಧಿಕಾರ ವ್ಯಕ್ತಿಗಲ್ಲ, ಹುದ್ದೆಗೆ. ಹುದ್ದೆ ಬದಲಾದರೆ ಹಳೆಯ ಅಧಿಕಾರ ಕಳಚಬೇಕು, ಹೊಸದು ಬರಬೇಕು.

ನಾವು ಕೈಗೊಂಡ ಕ್ರಮಗಳು ಇವು:

1. ಬಿಟ್ಟುಹೋದವರ ಹೆಸರನ್ನು ಅಳಿಸದೆ ನಿಷ್ಕ್ರಿಯಗೊಳಿಸಿದೆವು. ಅಳಿಸಿದರೆ ಹಳೆಯ ನಮೂದುಗಳನ್ನು ಬರೆದವರಾರೆಂಬ ಗುರುತೇ ಹೋಗಬಹುದು.

2. ತೂಕ ಬರೆಯುವುದು, ದರ ಬದಲಿಸುವುದು, ಪಾವತಿ ಮಂಜೂರು ಮಾಡುವುದು, ಹೊಸ ಬಳಕೆದಾರರನ್ನು ಸೇರಿಸುವುದು, ಹೀಗೆ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಹುದ್ದೆಯನ್ನು ಗುರುತಿಸಿದೆವು. ಒಬ್ಬರಿಗೆ ಎರಡು ಪಾತ್ರಗಳಿದ್ದರೆ ಸಾಮಾನ್ಯವಾಗಿ ಎರಡರ ಅಧಿಕಾರವೂ ಕೂಡಿಕೊಳ್ಳುತ್ತದೆ. ಆದ್ದರಿಂದ ಕೂಡಿಸಿಯೇ ನೋಡಬೇಕು.

3. ಹಾಳೆಯನ್ನು ನಂಬಿ ಕೂರಲಿಲ್ಲ. ಗುಮಾಸ್ತರು ತಮ್ಮ ಲಾಗಿನ್‌ನಿಂದಲೇ ಪ್ರವೇಶಿಸಿ, ನನ್ನ ಎದುರಿಗೇ ಒಂದು ಪಾವತಿಯನ್ನು ಮಂಜೂರು ಮಾಡಲು ಪ್ರಯತ್ನಿಸಿದರು. ಯಂತ್ರ ನಿರಾಕರಿಸಿತು. ಪರೀಕ್ಷೆಯೆಂದರೆ ಇದು.

4. ತಾತ್ಕಾಲಿಕ ಅಧಿಕಾರಕ್ಕೆ ಕೊನೆಯ ದಿನಾಂಕ ಹಾಕಿದೆವು. ಎಲ್ಲರ ಪಾಸ್‌ವರ್ಡ್ ಬದಲಾಯಿತು, ಮೊದಲು ನನ್ನದು.

5. ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಆಡಳಿತ ಮಂಡಳಿಯ ಮುಂದಿಟ್ಟು ನಡಾವಳಿಯಲ್ಲಿ ದಾಖಲಿಸಲು ತೀರ್ಮಾನಿಸಿದೆವು.

ಇಬ್ಬರೇ ಸಿಬ್ಬಂದಿಯಿರುವ ಸಣ್ಣ ಸಂಘಗಳು ಕೆಲಸವನ್ನು ಇಷ್ಟು ಹಂಚಲಾರವು. ಅಲ್ಲಿ ದರ ಮತ್ತು ಪಾವತಿಯಲ್ಲಾದ ತಿದ್ದುಪಡಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ನಿರ್ದೇಶಕರೊಬ್ಬರು ನೋಡಿ ಸಹಿ ಹಾಕಿದರೂ ಬಹಳ ಪ್ರಯೋಜನವುಂಟು.

2022ರ ಜೂನ್‌ನಲ್ಲಿ ಕೇಂದ್ರ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಯಂತ್ರ ಬರುತ್ತದೆ, ಎಚ್ಚರ ಅದರೊಂದಿಗೆ ಬರುವುದಿಲ್ಲ, ಅದನ್ನು ನಾವೇ ತರಬೇಕು.

ಸದಸ್ಯರಲ್ಲಿ ಒಂದು ಬಿನ್ನಹ. ತೂಕದ ಚೀಟಿಯನ್ನು ಜೋಪಾನವಾಗಿಟ್ಟು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ. ಮುಂದಿನ ಮಹಾಸಭೆಯಲ್ಲಿ ಅಡಿಕೆಯ ದರವನ್ನಷ್ಟೇ ಕೇಳಬೇಡಿ, "ಬಳಕೆದಾರರ ಪಟ್ಟಿಯನ್ನು ಕಡೆಯದಾಗಿ ನೋಡಿದ್ದು ಯಾವಾಗ?" ಎಂದೂ ಕೇಳಿ. ಉತ್ತರ ಕೊಡುವುದು ಕಾರ್ಯದರ್ಶಿಯಾದ ನನ್ನ ಕರ್ತವ್ಯ.