ದಾನಾಧಿಕಾರಿಯ ದಫ್ತರ

ನಮ್ಮ ನಾಡಿನ ದೇವಾಲಯಗಳ ಗೋಡೆಗಳ ಮೇಲೂ ಕೆರೆಯ ಏರಿಗಳ ಬಳಿಯಲ್ಲೂ ಇಂದಿಗೂ ಉಳಿದಿರುವ ದಾನಶಾಸನಗಳು, ಕೊಟ್ಟವರಾರು, ಪಡೆದವರಾರು, ಕೊಟ್ಟ ಭೂಮಿಯ ಚತುಸ್ಸೀಮೆ ಯಾವುದು, ಅದನ್ನು ಅಪಹರಿಸಿದವನಿಗೆ ತಟ್ಟುವ ಪಾಪವೆಂಥದು ಎಂಬುದನ್ನೆಲ್ಲ ಸವಿಸ್ತಾರವಾಗಿ ತಿಳಿಸುತ್ತವೆ. ಆದರೆ ಅದೇ ದಾನವನ್ನು ಬೇಡಿಬಂದು ಬರಿಗೈಯಲ್ಲಿ ಹಿಂದಿರುಗಿದವರು ಎಷ್ಟು ಮಂದಿ, ಕೊಡುವ ಮುನ್ನ ದಾನಿಯ ಮನಸ್ಸಿನಲ್ಲಿ ಸುಳಿದ ಸಂದೇಹಗಳಾವುವು, ನಡುವೆ ನಿಂತು ಸಲಹೆಯಿತ್ತವರಾರು ಎಂಬುದನ್ನು ಅವು ಹೇಳುವುದಿಲ್ಲ. ಕೊಡುಗೆ ಲೋಕಕ್ಕೆ ಕಾಣುತ್ತದೆ, ಅದರ ಹಿಂದಿನ ವಿವೇಚನೆ ಕಾಣುವುದಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಮಹಾಧನಿಕರು ತಮ್ಮ ಸಂಪತ್ತನ್ನು ಪ್ರತಿಷ್ಠಾನಗಳಾಗಿ ಮಾರ್ಪಡಿಸಿ ವಿದ್ಯೆ, ವೈದ್ಯ, ಕೃಷಿಗಳಿಗೆ ವಿನಿಯೋಗಿಸತೊಡಗಿದಾಗ ಈ ವಿವೇಚನೆಯೇ ಒಂದು ವೃತ್ತಿಯಾಯಿತು: ಹಣ ಒಬ್ಬರದು, ಅದಕ್ಕೆ ಪಾತ್ರರಾದವರನ್ನು ಅರಸುವ ಹೊಣೆ ಇನ್ನೊಬ್ಬರದು. ಆ ಇನ್ನೊಬ್ಬರು ಬಿಟ್ಟುಹೋದ ಕಾಗದಪತ್ರಗಳಲ್ಲಿಯೇ, ಶಾಸನಗಳು ಹೇಳದೆ ಬಿಟ್ಟ ಭಾಗವನ್ನು ನಾವು ಓದಬಹುದಾಗಿದೆ.

ಅಂಥವರಲ್ಲಿ ವಾರನ್ ವೀವರ್ ಅಗ್ರಗಣ್ಯರು. 1894ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ರೀಡ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಔಷಧ ವ್ಯಾಪಾರಿಯೊಬ್ಬರ ಮಗನಾಗಿ ಹುಟ್ಟಿ, ಅದೇ ಪ್ರಾಂತದ ವಿಶ್ವವಿದ್ಯಾನಿಲಯದಲ್ಲಿ ಗಣಿತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಅವರನ್ನು 1932ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ತನ್ನ ನಿಸರ್ಗವಿಜ್ಞಾನ ವಿಭಾಗದ ನಿರ್ದೇಶಕರನ್ನಾಗಿ ಕರೆಸಿಕೊಂಡಿತು. ತೈಲವ್ಯಾಪಾರದಿಂದ ಅಪಾರ ಐಶ್ವರ್ಯವನ್ನು ಗಳಿಸಿದ ಜಾನ್ ಡಿ. ರಾಕ್‌ಫೆಲರ್ 1913ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಆ ಕಾಲಕ್ಕೆ ಅದರ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಮೇಸನ್, ಹಿಂದೆ ವಿಸ್ಕಾನ್ಸಿನ್ನಿನಲ್ಲಿ ವೀವರ್ ಅವರಿಗೆ ಗುರುಗಳಾಗಿದ್ದವರು. 1929ರಲ್ಲಿ ಅವರೊಡಗೂಡಿ ವಿದ್ಯುತ್ಕಾಂತ ಕ್ಷೇತ್ರವನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದವರು. ಸ್ನೇಹವೆಲ್ಲಿ ಮುಗಿದು ಉದ್ಯೋಗವೆಲ್ಲಿ ಮೊದಲಾಯಿತೆಂದು ಗೆರೆಯೆಳೆದು ತೋರಿಸುವುದು ಇಂಥ ಜೀವನಗಳಲ್ಲಿ ಎಷ್ಟು ಕಷ್ಟವೆಂಬುದಕ್ಕೆ ಇದೇ ಮೊದಲ ನಿದರ್ಶನ. 1955ರ ವರೆಗೂ ವೀವರ್ ಆ ಸ್ಥಾನದಲ್ಲಿದ್ದು, ಬಳಿಕ ಸ್ಲೋನ್ ಪ್ರತಿಷ್ಠಾನದಲ್ಲಿಯೂ ಸೇವೆ ಸಲ್ಲಿಸಿ, 1978ರಲ್ಲಿ ತೀರಿಕೊಂಡರು.

ಅವರ ಕಾಗದಗಳಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ದಿನಚರಿ. ರಾಕ್‌ಫೆಲರ್ ಪ್ರತಿಷ್ಠಾನದ ಅಧಿಕಾರಿಗಳು ದಿನಚರಿ ಬರೆದಿಡುವುದು ಕರ್ತವ್ಯವೆಂಬಂತೆ ನಡೆದುಬಂದಿತ್ತು. ಯಾವ ಪ್ರಯೋಗಶಾಲೆಗೆ ಹೋದರು, ಯಾರೊಡನೆ ಊಟಮಾಡಿದರು, ಮಾತಿನ ನಡುವೆ ಯಾವ ತರುಣನ ಹೆಸರು ಬಂದಿತು, ಆತನ ವಿಷಯದಲ್ಲಿ ಹಿರಿಯ ವಿದ್ವಾಂಸರು ಆಡಿದ ಮಾತೇನು ಎಂಬುದನ್ನೆಲ್ಲ ಬೆರಳಚ್ಚಿನಲ್ಲಿ ದಾಖಲಿಸಿ ಸಹೋದ್ಯೋಗಿಗಳ ಅವಗಾಹನೆಗೆ ಕಳುಹಿಸುವುದು ಅಲ್ಲಿನ ವಾಡಿಕೆಯಾಗಿತ್ತು. ತಮ್ಮನ್ನು ‘ನಾನು’ ಎಂದು ಬರೆದುಕೊಳ್ಳದೆ, ಹೆಸರಿನ ಮೊದಲಕ್ಷರಗಳಿಂದ ಪ್ರಥಮಪುರುಷದಲ್ಲಿ ಹೇಳಿಕೊಳ್ಳುವುದು ಅಲ್ಲಿನ ರೀತಿಯಾದುದರಿಂದ, ವೀವರ್ ಅವರ ದಿನಚರಿಯಲ್ಲಿ ‘ಡಬ್ಲ್ಯು. ಡಬ್ಲ್ಯು.’ ಎಂಬ ವ್ಯಕ್ತಿಯೊಬ್ಬ ಊರೂರು ಸುತ್ತುತ್ತಾನೆ, ಕೇಳುತ್ತಾನೆ, ಅನುಮಾನಿಸುತ್ತಾನೆ, ಮೆಚ್ಚುತ್ತಾನೆ. ಆತ್ಮಪ್ರಶಂಸೆಗೆ ಎಡೆಗೊಡದ ಈ ಶೈಲಿಯಲ್ಲಿಯೂ ಮನುಷ್ಯನ ಸ್ವಭಾವ ಮರೆಯಾಗಿ ಉಳಿಯುವುದಿಲ್ಲ. ಯಾವುದನ್ನು ಅವನು ಬರೆಯಲರ್ಹವೆಂದೆಣಿಸಿದನೋ ಅದರಿಂದಲೇ ಅವನ ಅಳತೆ ನಮಗೆ ಸಿಕ್ಕುತ್ತದೆ.

ದಿನಚರಿಯ ಪಕ್ಕದಲ್ಲಿರುವುವು ಕಡತಗಳು. ಮನವಿಪತ್ರ, ಅದನ್ನು ಕುರಿತು ಬೇರೆ ವಿದ್ವಾಂಸರಿಂದ ಗುಟ್ಟಾಗಿ ತರಿಸಿದ ಅಭಿಪ್ರಾಯಗಳು, ಕಚೇರಿಯೊಳಗಿನ ಟಿಪ್ಪಣಿಗಳು, ಧರ್ಮದರ್ಶಿಗಳ ಸಭೆಯ ನಿರ್ಣಯ, ಕೊನೆಗೆ ಹಣ ಹೇಗೆ ವೆಚ್ಚವಾಯಿತೆಂಬ ವರದಿ—ಇವೆಲ್ಲ ಒಂದೆಡೆ ಸೇರಿರುತ್ತವೆ. 1938ರ ವಾರ್ಷಿಕ ವರದಿಯಲ್ಲಿ ‘ಅಣುಜೀವವಿಜ್ಞಾನ’ ಎಂಬ ಅರ್ಥದ ಹೊಸ ಹೆಸರನ್ನು ವೀವರ್ ಬಳಕೆಗೆ ತಂದಾಗ, ಅದು ಸಿದ್ಧವಾಗಿದ್ದ ಶಾಸ್ತ್ರವೊಂದರ ಹೆಸರಾಗಿರಲಿಲ್ಲ; ಭೌತವಿಜ್ಞಾನ, ರಸಾಯನವಿಜ್ಞಾನಗಳ ಸೂಕ್ಷ್ಮೋಪಕರಣಗಳನ್ನು ಜೀವಕೋಶದ ಅಧ್ಯಯನಕ್ಕೆ ತಿರುಗಿಸಬೇಕೆಂದು ಆರು ವರ್ಷಗಳಿಂದ ಅವರು ಹಿಡಿದು ಸಾಗಿಸಿದ್ದ ಹಟದ ಹೆಸರಾಗಿತ್ತು. ಆ ಹಟದ ಹೆಜ್ಜೆಗಳು ವರದಿಯಲ್ಲಿ ಸಿಕ್ಕುವುದಿಲ್ಲ, ಕಡತಗಳಲ್ಲಿ ಸಿಕ್ಕುತ್ತವೆ. 1939ರ ನವೆಂಬರಿನಲ್ಲಿ, ಯುದ್ಧ ಆಗತಾನೆ ಆರಂಭವಾಗಿ, ಸ್ವದೇಶದಲ್ಲಿ ದೊರೆತ ನೆರವು ಅತ್ಯಲ್ಪವಾಗಿದ್ದ ಕಾಲದಲ್ಲಿ, ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ ಈ ಪ್ರತಿಷ್ಠಾನಕ್ಕೆ ಬರೆದುಕೊಂಡರು. ರೋಗಾಣುಗಳನ್ನು ತಡೆಯುವ ದ್ರವ್ಯಗಳ ರಾಸಾಯನಿಕ ಅಧ್ಯಯನವೆಂಬ ಸೌಮ್ಯವಾದ ವೇಷದಲ್ಲಿ ಪೆನಿಸಿಲಿನ್ ಅಲ್ಲಿ ಅಡಗಿತ್ತು. ಹಲವು ವರ್ಷಗಳ ನೆರವಿಗೆ ಪ್ರತಿಷ್ಠಾನ ಒಪ್ಪಿತು. ಇಂದು ಆ ಔಷಧದ ಹೆಸರನ್ನು ಅರಿಯದವರಿಲ್ಲ. ಆ ದಿನ ಒಪ್ಪಿದವರಿಗೆ ಅದರ ಮಹಿಮೆ ತಿಳಿದಿರಲಿಲ್ಲವೆಂಬುದನ್ನು ನಮಗೆ ನೆನಪಿಸುವುದಕ್ಕೆ ಮೂಲಪತ್ರವೇ ಬೇಕು.

ಕೀರ್ತಿ ತಂದ ಕಾಗದಗಳೊಡನೆ ಕಳಂಕ ಹಚ್ಚುವ ಕಾಗದಗಳೂ ಉಳಿದಿರುವುದೇ ಈ ಸಂಗ್ರಹಗಳ ನಿಜವಾದ ಬೆಲೆಯೆಂದು ನಾನು ಭಾವಿಸುತ್ತೇನೆ. ಬರ್ಲಿನ್ನಿನಲ್ಲಿ ಕೈಸರ್ ವಿಲ್ಹೆಲ್ಮ್ ಸಂಘದ ಭೌತವಿಜ್ಞಾನ ಮಂದಿರವನ್ನು ಕಟ್ಟಿಸಿಕೊಡುವುದಾಗಿ ಪ್ರತಿಷ್ಠಾನ 1930ರಲ್ಲಿ ಮಾತುಕೊಟ್ಟಿತ್ತು. 1933ರಲ್ಲಿ ಹಿಟ್ಲರನ ಆಳ್ವಿಕೆ ಬಂದು, ಯೆಹೂದಿ ವಿದ್ವಾಂಸರು ಪೀಠಗಳಿಂದ ಹೊರದೂಡಲ್ಪಟ್ಟ ಮೇಲೆ, ಕೊಟ್ಟ ಮಾತು ದೊಡ್ಡದೋ ಕಣ್ಣೆದುರಿನ ಅನ್ಯಾಯ ದೊಡ್ಡದೋ ಎಂಬ ಪ್ರಶ್ನೆ ಎದುರಾಯಿತು. ಕಡೆಗೆ ಮಾತಿಗೆ ಕಟ್ಟುಬಿದ್ದು ಹಣವನ್ನು ಕೊಡಲಾಯಿತು. ಅದೇ ಪ್ರತಿಷ್ಠಾನ ಅದೇ ವರ್ಷಗಳಲ್ಲಿ ದೇಶಭ್ರಷ್ಟರಾದ ಸುಮಾರು 300 ಮಂದಿ ವಿದ್ವಾಂಸರಿಗೆ ಆಶ್ರಯ ದೊರಕಿಸಿಕೊಡಲು ನೆರವಾದುದೂ ಸತ್ಯವೇ. ಇವೆರಡರಲ್ಲಿ ಯಾವುದೊಂದನ್ನು ಮಾತ್ರ ಉಳಿಸಿ ಮತ್ತೊಂದನ್ನು ಸುಟ್ಟಿದ್ದರೂ ಚರಿತ್ರೆ ಸುಳ್ಳಾಗುತ್ತಿತ್ತು. ಮಾತಿಗೆ ತಪ್ಪುವುದೇ ಆಗ ಧರ್ಮವಾಗಿತ್ತೆಂದು ನನ್ನ ಬುದ್ಧಿಗೆ ತೋರುತ್ತದೆ. ಆದರೆ ಹಾಗೆ ವಾದಿಸುವುದಕ್ಕೂ ಆಧಾರ ಒದಗಿಸಿರುವುದು ಆ ಅಧಿಕಾರಿಗಳೇ ಕಾಪಾಡಿಟ್ಟ ಕಾಗದಗಳು.

ಇನ್ನು ಖಾಸಗಿ ಕಾಗದಗಳ ಮಾತು. ವೀವರ್ ಅವರಿಗೆ ಲೂಯಿಸ್ ಕ್ಯಾರಲ್ ರಚಿಸಿದ ಆಲಿಸಳ ಕಥೆಯ ಮೇಲೆ ಅತಿಶಯವಾದ ಪ್ರೀತಿ. ಅದರ ಭಾಷಾಂತರಗಳನ್ನು ಲೋಕದ ಮೂಲೆಮೂಲೆಗಳಿಂದ ತರಿಸಿ, 42 ಭಾಷೆಗಳಲ್ಲಿ ಸುಮಾರು 160 ಆವೃತ್ತಿಗಳನ್ನು ಕೂಡಿಹಾಕಿದರು. 1964ರಲ್ಲಿ ಆ ವಿಷಯವಾಗಿಯೇ ಒಂದು ಪುಸ್ತಕವನ್ನು ಬರೆದರು. ಹುಚ್ಚು ಚಹಾಕೂಟದ ಪ್ರಸಂಗವನ್ನು ಬೇರೆಬೇರೆ ಭಾಷೆಗಳಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಕೊಡುವಂತೆ ಬಲ್ಲವರನ್ನು ಕೇಳಿಕೊಂಡು, ಮೂಲದ ಚಮತ್ಕಾರ ಎಷ್ಟು ಉಳಿಯಿತು, ಎಷ್ಟು ಅಳಿಯಿತು ಎಂದು ತೂಗಿನೋಡಿದರು. (ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಅದೇ ಕಥೆಯನ್ನು ನಮ್ಮವರ ಮನೆಗೆ ತಂದರಷ್ಟೆ.) ಇದು ವಿರಾಮಕಾಲದ ವಿನೋದವೆಂದು ಬದಿಗಿಡುವಂತಿಲ್ಲ. 1947ರಲ್ಲಿ ಅವರು ಗಣಿತಜ್ಞ ನಾರ್ಬರ್ಟ್ ವೀನರ್ ಅವರಿಗೆ ಪತ್ರ ಬರೆದು, ಗಣಕಯಂತ್ರದಿಂದ ಭಾಷಾಂತರ ಮಾಡಿಸಲು ಸಾಧ್ಯವೇ ಎಂದು ವಿಚಾರಿಸಿದರು. ವೀನರ್ ನಿರುತ್ಸಾಹಗೊಳಿಸುವ ಉತ್ತರವನ್ನೇ ಕೊಟ್ಟರು. 1949ರ ಜುಲೈಯಲ್ಲಿ ಆ ವಿಚಾರವನ್ನು ವಿಸ್ತರಿಸಿ ಪರಿಚಿತ ವಿದ್ವಾಂಸರಿಗೆ ಕಳುಹಿಸಿದ ಟಿಪ್ಪಣಿಯಲ್ಲಿ ವೀವರ್ ತಮ್ಮ ಪ್ರಶ್ನೆಯನ್ನಷ್ಟೇ ಅಲ್ಲದೆ ವೀನರ್ ಅವರ ನಿರಾಕರಣೆಯನ್ನೂ ಸೇರಿಸಿದರು. ಯಂತ್ರಾನುವಾದವೆಂಬ ಶಾಸ್ತ್ರ ಮೊಳೆತದ್ದು ಆ ಟಿಪ್ಪಣಿಯಿಂದ. ಇಂದು ಕೈಯೊಳಗಿನ ಫೋನಿನಲ್ಲಿ ಕನ್ನಡ ಇಂಗ್ಲಿಷಾಗುವುದರ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಅದನ್ನೇ ತಲಪುತ್ತೇವೆ. ಹೀಗಿರುವಲ್ಲಿ ಆಲಿಸಳ ಪುಸ್ತಕಗಳನ್ನು ಖಾಸಗಿಯೆಂದೂ ಟಿಪ್ಪಣಿಯನ್ನು ಔದ್ಯೋಗಿಕವೆಂದೂ ವಿಂಗಡಿಸುವುದು ಹೇಗೆ? ವಾಸ್ತವದಲ್ಲಿ ಅವು ಬೇರೆಯಾಗಿಯೇ ಹೋಗಿವೆ: ಆಲಿಸಳ ಸಂಗ್ರಹ ಟೆಕ್ಸಾಸಿನ ಆಸ್ಟಿನ್ ನಗರದ ಹ್ಯಾರಿ ರಾನ್ಸಮ್ ಕೇಂದ್ರದಲ್ಲಿದೆ, ದಿನಚರಿ, ಕಡತಗಳು ನ್ಯೂಯಾರ್ಕ್ ಪ್ರಾಂತದ ಸ್ಲೀಪಿ ಹಾಲೋ ಊರಿನ ರಾಕ್‌ಫೆಲರ್ ಪತ್ರಾಗಾರದಲ್ಲಿವೆ. ಒಬ್ಬನೇ ಮನುಷ್ಯನ ಮನಸ್ಸನ್ನು ಅರಿಯಬಯಸುವವನು ಸಾವಿರಕ್ಕೂ ಹೆಚ್ಚು ಮೈಲಿಗಳ ಅಂತರದ ಎರಡು ಊರುಗಳಿಗೆ ಹೋಗಬೇಕಾಗಿದೆ.

1974ರಲ್ಲಿ ಸ್ಥಾಪಿತವಾದ ಈ ಪತ್ರಾಗಾರದಲ್ಲಿ ಈಗ ಫೋರ್ಡ್ ಪ್ರತಿಷ್ಠಾನದ ದಾಖಲೆಗಳೂ ಸೇರಿವೆ. ಪತ್ರಪಾಲಕರ ಮೊದಲ ನಿಯಮ, ಕಾಗದಗಳು ಕಚೇರಿಯಲ್ಲಿ ಯಾವ ಕ್ರಮದಲ್ಲಿದ್ದುವೋ ಆ ಕ್ರಮವನ್ನು ಕೆಡಿಸಬಾರದೆಂಬುದು. ಏಕೆಂದರೆ ಒಂದು ಪತ್ರದ ಹಿಂದೆ ಮುಂದೆ ಯಾವುದಿತ್ತೆಂಬುದೂ ಒಂದು ಸಾಕ್ಷ್ಯ. ಆಮ್ಲರಹಿತ ಹೊದಿಕೆಗಳಲ್ಲಿ ಅವನ್ನಿಟ್ಟು, ಪೆಟ್ಟಿಗೆಗಳಿಗೆ ಸಂಖ್ಯೆ ಕೊಟ್ಟು, ವಿವರಣಸೂಚಿಯನ್ನು ಸಿದ್ಧಪಡಿಸುತ್ತಾರೆ. ವ್ಯಕ್ತಿಗಳ ಯೋಗ್ಯಾಯೋಗ್ಯತೆಗಳನ್ನು ಚರ್ಚಿಸುವ ಕೆಲವು ಕಾಗದಗಳನ್ನು ಬಹುಕಾಲ ಮುಚ್ಚಿಡುವುದೂ ಉಂಟು. ಗುಟ್ಟಾಗಿ ಕೊಟ್ಟ ಅಭಿಪ್ರಾಯ ಮಾರನೆಯ ದಿನವೇ ಬಯಲಾಗುವುದಾದರೆ ಮುಂದೆ ಯಾರೂ ನಿಜವನ್ನು ಬರೆಯಲಾರರು. ತೆರೆದ ಮೇಲೆ ಏನಾಗುತ್ತದೆಂಬುದಕ್ಕೆ ಎರಡು ಗ್ರಂಥಗಳು ಸಾಕು. 1991ರಲ್ಲಿ ಇತಿಹಾಸಕಾರ ರಾಬರ್ಟ್ ಕೋಲರ್ ಈ ದಾಖಲೆಗಳನ್ನೋದಿ, ವೀವರ್ ಅವರಂಥ ಅಧಿಕಾರಿಗಳನ್ನು ವಿಜ್ಞಾನಿಗಳ ಸಹಭಾಗಿಗಳೆಂದು ಚಿತ್ರಿಸಿದರು. ಎರಡು ವರ್ಷಗಳ ತರುವಾಯ ಲಿಲಿ ಕೇ ಅದೇ ಭಂಡಾರವನ್ನು ಶೋಧಿಸಿ, ಸಮಾಜವನ್ನೂ ಮನುಷ್ಯರ ನಡವಳಿಕೆಯನ್ನೂ ಹತೋಟಿಯಲ್ಲಿಡುವ ಆಕಾಂಕ್ಷೆಯೊಂದು ಆ ಧನಸಹಾಯದ ಒಡಲಿನಲ್ಲಿತ್ತೆಂದು ವಾದಿಸಿದರು. ಪೆಟ್ಟಿಗೆಗಳು ಅವೇ, ತೀರ್ಪುಗಳು ಬೇರೆ.

ನಮ್ಮ ನಾಡಿಗೂ ಆ ಪೆಟ್ಟಿಗೆಗಳಲ್ಲಿ ಪಾಲಿದೆ. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ 1920ರ ದಶಕದ ಕೊನೆಯ ವರ್ಷಗಳಿಂದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರ ಪಡೆದು, ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ನಡೆಸಿತು. ಮಲೇರಿಯಾ ಹರಡುವ ಸೊಳ್ಳೆಗಳನ್ನು ಕುರಿತು, ಆ ಸಹಕಾರದಲ್ಲಿ ದುಡಿದ ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ ಜೊತೆಗೂಡಿ ಬರೆದ ಸಂಶೋಧನ ಲೇಖನ 1937ರಲ್ಲಿ ಪ್ರಕಟವಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜ್ವರ ಊರುಗಳಿಗೆ ಹಬ್ಬಿದಾಗ, ರೋಗದ ಮೂಲವನ್ನು ಹುಡುಕಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಇದೇ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಸ್ಥಾಪಿಸಿದುದಾಗಿತ್ತು. ಮಂಡ್ಯದ ಗದ್ದೆಬಯಲಿನ ಜ್ವರವನ್ನೂ ಮಲೆನಾಡಿನ ಮಂಗನ ಕಾಯಿಲೆಯನ್ನೂ ಕುರಿತು ಬರೆಯಹೊರಡುವ ತರುಣ ಸಂಶೋಧಕರು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸರಕಾರದ ಕಡತವನ್ನು ಓದಿದ ಮೇಲೆ, ಅದೇ ವರ್ಷಗಳ ಅಧಿಕಾರಿಗಳ ದಿನಚರಿಯನ್ನೂ ಓದತಕ್ಕದ್ದು. ಅವುಗಳಲ್ಲಿ ಅನೇಕ ಸಂಪುಟಗಳನ್ನು ಸ್ಲೀಪಿ ಹಾಲೋದವರು ಅಂತರಜಾಲಕ್ಕೇರಿಸಿರುವುದರಿಂದ ಅದಕ್ಕಾಗಿ ಈಗ ಸಮುದ್ರವನ್ನು ದಾಟಬೇಕಾಗಿಲ್ಲ.