ಬೆರಳು ತಟ್ಟಿದ ಲೆಕ್ಕ

ಹಳೆಯ ಬಟ್ಟೆಯಂಗಡಿಯ ನುರಿತ ಗುಮಾಸ್ತನಿಗೆ ಗಿರಾಕಿಯ ಬಾಯಿಮಾತಿಗಿಂತ ಆಕೆಯ ಕಣ್ಣಿನ ಮೇಲೆ ಹೆಚ್ಚು ನಂಬಿಕೆ. ಯಾವ ಸೀರೆಯ ಮೇಲೆ ನೋಟ ಎರಡು ಗಳಿಗೆ ನಿಂತಿತು, ಯಾವುದರ ಅಂಚನ್ನು ಬೆರಳು ಸವರಿತು, ಯಾವುದರ ಬೆಲೆ ಕೇಳಿದೊಡನೆ ಕೈ ಮೆಲ್ಲನೆ ಹಿಂದೆ ಸರಿಯಿತು ಎಂಬುದನ್ನೆಲ್ಲ ಆತ ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಾನೆ. ಮುಂದಿನ ದೀಪಾವಳಿಗೆ ಅದೇ ಗೃಹಿಣಿ ಬಂದಾಗ ಬೀರುವಿನಿಂದ ಹೊರಬರುವ ಮೊದಲ ಸೀರೆ ಆ ಲೆಕ್ಕದ ಫಲ.

ಬಳ್ಳಾರಿಯ ಗಾಂಧಿನಗರದ ಮನೆಯೊಂದರಲ್ಲಿ ಊಟವಾದ ಮೇಲೆ ಮೊಬೈಲ್ ಫೋನನ್ನು ಕೈಗೆತ್ತಿಕೊಳ್ಳುವ ಗೃಹಿಣಿಯ ಎದುರಿಗೂ ಇಂಥ ಗುಮಾಸ್ತನೊಬ್ಬ ಅದೃಶ್ಯನಾಗಿ ಕುಳಿತಿರುತ್ತಾನೆ. ವ್ಯತ್ಯಾಸವಿಷ್ಟೆ: ಈತನಿಗೆ ಮರೆವಿಲ್ಲ, ಮತ್ತು ಈತ ಏಕಕಾಲಕ್ಕೆ ಕೋಟ್ಯಂತರ ಗಿರಾಕಿಗಳನ್ನು ನೋಡುತ್ತಾನೆ.

ಈ ಗುಮಾಸ್ತನ ಭಾಷೆಯಲ್ಲಿ ಗ್ರಾಹಕರ ಪ್ರತಿಯೊಂದು ಚಲನೆಗೂ ‘ಘಟನೆ’ ಎಂದು ಹೆಸರು. ಶೋಧದ ಪೆಟ್ಟಿಗೆಯಲ್ಲಿ ಪದ ಬರೆದದ್ದು ಒಂದು ಘಟನೆ. ಚಿತ್ರದ ಮೇಲೆ ಬೆರಳು ತಟ್ಟಿದ್ದು ಇನ್ನೊಂದು. ಬುಟ್ಟಿಗೆ ಹಾಕಿದ್ದು, ಹಾಕಿ ತೆಗೆದದ್ದು, ಹಣ ತೆತ್ತದ್ದು, ಬಂದ ವಸ್ತುವನ್ನು ಮರಳಿಸಿದ್ದು ಬೇರೆ ಬೇರೆ ಘಟನೆಗಳು. ಯಾರು, ಏನನ್ನು, ಎಷ್ಟು ಹೊತ್ತಿಗೆ, ಪಟ್ಟಿಯ ಎಷ್ಟನೆಯ ಸ್ಥಾನದಲ್ಲಿ ಕಂಡು ತಟ್ಟಿದರು ಎಂಬುದು ಒಂದೊಂದು ಸಾಲಾಗಿ ದಾಖಲಾಗುತ್ತದೆ. ಆ ‘ಯಾರು’ ಎಂಬಲ್ಲಿ ಸಾಮಾನ್ಯವಾಗಿ ಹೆಸರಿರುವುದಿಲ್ಲ, ಒಂದು ಸಂಖ್ಯೆ ಇರುತ್ತದೆ. ಬಂದವರನ್ನು ಮತ್ತೆ ಗುರುತಿಸಲು ಅವರ ಯಂತ್ರದಲ್ಲೇ ಒಂದು ಚೀಟಿಯನ್ನು ಇಟ್ಟುಬರುವ ಉಪಾಯವನ್ನು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ರೂಪಿಸಿದರು. ಅದೇ ಇಂದು ಎಲ್ಲರ ಬಾಯಲ್ಲಿರುವ ‘ಕುಕಿ’.

ಇಷ್ಟು ಸಾಲುಗಳನ್ನು ಕೂಡಿಸಿಟ್ಟ ಮಾತ್ರಕ್ಕೆ ಜ್ಞಾನ ಹುಟ್ಟದು. ಪಟ್ಟಿಯ ಮೊದಲನೆಯ ವಸ್ತುವನ್ನು ಹೆಚ್ಚು ಜನ ತಟ್ಟುತ್ತಾರೆ. ಅದು ಉತ್ತಮವೆಂದೇ ತಟ್ಟಿದರೋ, ಕಣ್ಣಿಗೆ ಮೊದಲು ಬಿತ್ತೆಂದು ತಟ್ಟಿದರೋ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟನ್ ಯೋಆಕಿಮ್ಸ್ 2002ರಲ್ಲಿ ಇದಕ್ಕೊಂದು ಸರಳವಾದ ದಾರಿಯನ್ನು ತೋರಿದರು. ಒಬ್ಬರು ಮೊದಲ ಎರಡನ್ನು ದಾಟಿ ಮೂರನೆಯದನ್ನು ತಟ್ಟಿದರೆ, ಮೂರನೆಯದು ಪರಿಪೂರ್ಣವೆಂದು ತಿಳಿಯಬೇಕಾಗಿಲ್ಲ. ಮೇಲಿನ ಎರಡಕ್ಕಿಂತ ಅದು ಅವರಿಗೆ ಮೇಲೆನಿಸಿತು ಎಂದಷ್ಟೇ ತಿಳಿಯಬೇಕು. ಇಂಥ ಸಣ್ಣ ಸಣ್ಣ ತೀರ್ಪುಗಳು ಲಕ್ಷಗಟ್ಟಲೆ ಸೇರಿದಾಗ ಪಟ್ಟಿಯ ಕ್ರಮ ತಾನಾಗಿ ತಿದ್ದಿಕೊಳ್ಳುತ್ತದೆ.

ಶಿಫಾರಸಿನ ಕಥೆ ತುಸು ಬೇರೆ. ಅಮೆಜಾನ್ ಸಂಸ್ಥೆಯ ಗ್ರೆಗ್ ಲಿಂಡನ್, ಬ್ರೆಂಟ್ ಸ್ಮಿತ್ ಮತ್ತು ಜೆರೆಮಿ ಯಾರ್ಕ್ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದರ ಕೀಲಿ ಇದೆ. ಒಬ್ಬ ಗಿರಾಕಿಯನ್ನು ಕೋಟಿ ಗಿರಾಕಿಗಳೊಡನೆ ಹೋಲಿಸುತ್ತ ಕುಳಿತರೆ ಯಂತ್ರವೂ ಸುಸ್ತಾದೀತು. ಅದರ ಬದಲು ವಸ್ತುವಿಗೂ ವಸ್ತುವಿಗೂ ನಂಟು ಕಟ್ಟಬೇಕು. ಒಂದನ್ನು ಕೊಂಡವರು ಇನ್ನಾವುದನ್ನು ಕೊಂಡರೆಂಬ ಕೋಷ್ಟಕವನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡರೆ, ಗಿರಾಕಿ ಬಂದಾಗ ಅದನ್ನು ನೋಡಿ ಹೇಳುವುದಷ್ಟೇ ಕೆಲಸ. ಇದರಲ್ಲಿಯೂ ಒಂದು ಎಚ್ಚರ ಬೇಕು. ಉಪ್ಪನ್ನು ಎಲ್ಲರೂ ಕೊಳ್ಳುತ್ತಾರೆ. ರೇಷ್ಮೆ ಸೀರೆ ಕೊಂಡವಳೂ ಉಪ್ಪು ಕೊಂಡಳೆಂದು ಅವೆರಡಕ್ಕೆ ಸಂಬಂಧ ಬೆಳೆಸಿದರೆ ನಗೆಪಾಟಲು.

ಬಳ್ಳಾರಿಯಲ್ಲಿ ಈ ವಿಷಯ ಕೇವಲ ಕೊಳ್ಳುವವರದಲ್ಲ. ಜೀನ್ಸ್ ಉಡುಪಿಗೆ ಹೆಸರಾದ ಈ ನಗರದಲ್ಲಿ ಸಣ್ಣಪುಟ್ಟ ಹೊಲಿಗೆ ಘಟಕಗಳನ್ನೇ ನಂಬಿದ ಸಂಸಾರಗಳು ಅನೇಕ. ಅಂಥವರೊಬ್ಬರು ತಮ್ಮ ಸರಕನ್ನು ಮೊದಲ ಬಾರಿಗೆ ಜಾಲದ ಮಳಿಗೆಗೆ ಏರಿಸುತ್ತಾರೆನ್ನಿ. ಅದನ್ನು ಯಾರೂ ತಟ್ಟಿಲ್ಲ. ತಟ್ಟದಿರುವುದರಿಂದ ಪಟ್ಟಿಯ ತಳದಲ್ಲಿದೆ. ತಳದಲ್ಲಿರುವುದರಿಂದ ಯಾರೂ ತಟ್ಟುವುದಿಲ್ಲ. ಹೊಲಿಗೆ ಎಷ್ಟು ಗಟ್ಟಿಯಾಗಿದ್ದರೇನು, ಘಟನೆಗಳಿಲ್ಲದ ವಸ್ತು ಈ ಗುಮಾಸ್ತನ ಪಾಲಿಗೆ ಇಲ್ಲದಂತೆಯೇ. ತಿಳಿದ ಯಂತ್ರಶಿಲ್ಪಿಗಳು ಇದಕ್ಕಾಗಿ ಹೊಸ ಸರಕನ್ನು ಆಗಾಗ ಬೇಕೆಂದೇ ಮೇಲಕ್ಕೆ ತಂದು ಪರೀಕ್ಷಿಸುತ್ತಾರೆ. ಬಟ್ಟೆಯ ಬಣ್ಣ, ಬಗೆ, ಅಳತೆಗಳ ವಿವರಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಎಲ್ಲ ಮಳಿಗೆಗಳೂ ಇಷ್ಟು ಉದಾರವಾಗಿರುತ್ತವೆಂದು ನಂಬಿ ಕೂರುವಂತಿಲ್ಲ.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಸ್ವಾರ್ಥವೂ ಉಂಟು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಮಳಿಗೆ ಕನ್ನಡದಲ್ಲಿ ವ್ಯವಹರಿಸತೊಡಗಿದ್ದು 2020ರಲ್ಲಿ. ಕನ್ನಡದಲ್ಲಿ ಹುಡುಕುವವರೋ ಒಬ್ಬೊಬ್ಬರು ಒಂದೊಂದು ತೆರನಾಗಿ ಬರೆಯುತ್ತಾರೆ. ‘ರೇಷ್ಮೆ’ ಎಂದು ಒಬ್ಬರು, ‘ರೇಶ್ಮೆ’ ಎಂದು ಇನ್ನೊಬ್ಬರು, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಕೂಡಿಸುವವರು ಹಲವರು. ಮೊದಲ ಬರಹಕ್ಕೆ ಏನೂ ಸಿಗದೆ, ತಿದ್ದಿ ಬರೆದು, ಬೇಕಾದುದನ್ನು ತಟ್ಟಿದಾಗ, ಆ ಎರಡು ಬರಹಗಳೂ ಒಂದೇ ವಸ್ತುವಿನ ಹೆಸರೆಂದು ಯಂತ್ರ ಕಲಿಯುತ್ತದೆ. ಯಾವ ನಿಘಂಟೂ ಕಲಿಸದ ಪಾಠವಿದು. ಕನ್ನಡದಲ್ಲಿ ಹುಡುಕುವವರು ಕಡಿಮೆಯಾದಷ್ಟೂ ಕನ್ನಡದ ಶೋಧ ಮೊದ್ದಾಗಿಯೇ ಉಳಿಯುತ್ತದೆ.

ಆದರೆ ಮನೆಗೆಲ್ಲ ಒಂದೇ ಫೋನಿರುವಲ್ಲಿ ಈ ಜಾಣ್ಮೆ ಪೇಚಿಗೆ ಸಿಲುಕುತ್ತದೆ. ಅಜ್ಜಿಯ ಮಂಡಿನೋವಿನ ಎಣ್ಣೆ, ಮೊಮ್ಮಗನ ಕ್ರಿಕೆಟ್ ಬ್ಯಾಟು, ಸೊಸೆಯ ಕುಕ್ಕರಿನ ರಬ್ಬರು ಎಲ್ಲವೂ ಒಬ್ಬನೇ ವಿಚಿತ್ರ ವ್ಯಕ್ತಿಯ ಅಭಿರುಚಿಯೆಂದು ಯಂತ್ರ ಭಾವಿಸುತ್ತದೆ. ಇಲ್ಲಿಯವರೆಗೆ ನಗೆಯ ಮಾತು. ಮಗಳೊಬ್ಬಳು ಯಾರಿಗೂ ಹೇಳದ ಕಾಯಿಲೆಯೊಂದರ ಔಷಧಿಯನ್ನು ರಾತ್ರಿ ಹುಡುಕಿ, ಮರುದಿನ ತಂದೆ ಫೋನು ತೆರೆದಾಗ ಅದೇ ಔಷಧಿ ಶಿಫಾರಸಾಗಿ ಎದುರಿಗೆ ನಿಂತರೆ ನಗುವವರಾರು?

ಹೆಸರಿಲ್ಲ, ಸಂಖ್ಯೆ ಮಾತ್ರ ಎಂಬ ಸಮಾಧಾನವೂ ದುರ್ಬಲವೇ. 2006ರ ಆಗಸ್ಟಿನಲ್ಲಿ ಅಮೆರಿಕದ ಎ.ಓ.ಎಲ್. ಸಂಸ್ಥೆ ಸುಮಾರು ಆರೂವರೆ ಲಕ್ಷ ಜನರ ಮೂರು ತಿಂಗಳ ಶೋಧಗಳನ್ನು ಹೆಸರು ತೆಗೆದು ಸಂಶೋಧಕರಿಗಾಗಿ ಬಹಿರಂಗಪಡಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ವೃದ್ಧೆಯ ಮನೆ ಬಾಗಿಲಿಗೇ ಹೋಗಿ ನಿಂತರು. ಆಕೆ ಹುಡುಕಿದ ಪದಗಳೇ ಆಕೆಯ ವಿಳಾಸವನ್ನು ಹೇಳಿದ್ದವು.

ಭಾರತದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕನ್ನಡಿಗರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರಿನಲ್ಲಿ, 98ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ತೀರ್ಪಿನ ತರುವಾಯ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕಟ್ಟಳೆಗಳ ಪಾಲನೆಗೆ 18 ತಿಂಗಳ ಅವಧಿ ದೊರೆಯಿತು. ಹದಿನೆಂಟು ತುಂಬದ ಮಕ್ಕಳ ನಡವಳಿಕೆಯನ್ನು ಬೆನ್ನಟ್ಟುವುದನ್ನೂ, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರುವುದನ್ನೂ ಈ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದರೆ ಮಗು ಅಮ್ಮನ ಫೋನಿನಲ್ಲಿ, ಅಮ್ಮನ ಹೆಸರಿನಲ್ಲಿ ಆಟಿಕೆ ಹುಡುಕುತ್ತಿದ್ದರೆ ಅದನ್ನು ಗುಮಾಸ್ತ ಹೇಗೆ ಅರಿಯಬೇಕು?

ಹುಡುಕಾಟದ ಇತಿಹಾಸವನ್ನು ಅಳಿಸುವ ಗುಂಡಿ ಅನೇಕ ಮಳಿಗೆಗಳಲ್ಲಿದೆ, ಸಾಮಾನ್ಯವಾಗಿ ‘ಸೆಟ್ಟಿಂಗ್ಸ್’ ಎಂಬಲ್ಲಿ, ನಾಲ್ಕು ಬಾಗಿಲುಗಳ ಹಿಂದೆ. ಅದನ್ನು ಒತ್ತಿದ ಮೇಲೆ ಕೆಲವು ದಿನ ಗಾಂಧಿನಗರದ ಆ ಮನೆಗೂ ದೇಶದ ಎಲ್ಲರಿಗೆ ತೋರುವ ಸರಕುಗಳೇ ಕಾಣಿಸುತ್ತವೆ; ಅಜ್ಜಿಯ ಎಣ್ಣೆಯನ್ನು ಮತ್ತೆ ಅಕ್ಷರ ಅಕ್ಷರವಾಗಿ ಬರೆದೇ ಹುಡುಕಬೇಕು.